ಸೊಂಟನೋವಿಗೆ ಖಿನ್ನತೆಯ ಮಾತ್ರೆ ಬರೆದುಕೊಟ್ಟರೆ ನನ್ನ ನೋವು ಸುಳ್ಳೆಂದು ಅರ್ಥವೇ?

ಶಾಲ್ಮಲಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು, ವಯಸ್ಸು 47. ನಾಲ್ಕು ವರ್ಷಗಳ ಹಿಂದೆ, ಕೊನೆಕೊಯ್ಲಿನ ಕಾಲದಲ್ಲಿ, ಮೆಟ್ಟುಗತ್ತಿಯ ಮುಂದೆ ರಾತ್ರಿ ಹತ್ತರವರೆಗೆ ಕುಳಿತು ಅಡಿಕೆ ಸುಲಿದು ಏಳುವಾಗ ಸೊಂಟ ಹಿಡಿದುಕೊಂಡಿತು. ಎರಡು ವಾರದಲ್ಲಿ ಬಿಡುತ್ತದೆ ಎಂದುಕೊಂಡದ್ದು ಇಂದಿಗೂ ಬಿಟ್ಟಿಲ್ಲ. ಎಂಆರ್‌ಐ ಮಾಡಿಸಿದಾಗ ಎಲ್4 ಮತ್ತು ಎಲ್5 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು, ಶಸ್ತ್ರಚಿಕಿತ್ಸೆ ಬೇಕಾಗಿಲ್ಲ ಎಂದು ಮೂಳೆ ವೈದ್ಯರು ಹೇಳಿದರು. ಅಲ್ಲಿಂದ ಮುಂದೆ ಎಣ್ಣೆ, ಕಷಾಯ, ಸೊಂಟಪಟ್ಟಿ, ತೂಕ ಕಟ್ಟಿ ಎಳೆಯುವ ಚಿಕಿತ್ಸೆ, ನೋವಿನ ಮಾತ್ರೆ ಎಲ್ಲವೂ ಒಂದೊಂದು ಸುತ್ತು ಮುಗಿದವು.

ಕಳೆದ ತಿಂಗಳು ಬೇರೊಂದು ಊರಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು ಸೊಂಟವನ್ನು ಪರೀಕ್ಷಿಸಿ, ನಿದ್ದೆ ಹೇಗೆ, ಊಟ ಹೇಗೆ ಎಂದು ಕೇಳಿ, ಡುಲಾಕ್ಸೆಟಿನ್ 30 ಮಿಲಿಗ್ರಾಂ ಬರೆದುಕೊಟ್ಟರು. ಮಾತ್ರೆ ಯಾವುದಕ್ಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹನ್ನೊಂದನೆಯ ದಿನ ಮಗ ಮೊಬೈಲಿನಲ್ಲಿ ಹುಡುಕಿ, "ಅಮ್ಮಾ, ಇದು ಡಿಪ್ರೆಶನ್‌ಗೆ ಕೊಡುವ ಮಾತ್ರೆ" ಎಂದ. ಅಲ್ಲಿಯೇ ಇದ್ದ ಓರಗಿತ್ತಿ, "ಹಾಗಾದರೆ ಸೊಂಟಕ್ಕೆ ಏನೂ ಆಗಿಲ್ಲ ಅಂತಾಯಿತು" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ನಾಲ್ಕು ವರ್ಷ ನಾನು ಅನುಭವಿಸಿದ್ದು ಒಂದೇ ಕ್ಷಣದಲ್ಲಿ ನಟನೆಯಾಗಿ ಹೋದಂತೆ ನನಗನ್ನಿಸಿತು. ಮರುದಿನದಿಂದ ಮಾತ್ರೆ ನಿಲ್ಲಿಸಿದ್ದೇನೆ.

ನನಗೆ ಈಗೀಗ ಏನೂ ಬೇಡವೆನ್ನಿಸುತ್ತದೆ, ಯಾರಾದರೂ ಮನೆಗೆ ಬಂದರೆ ಜಗುಲಿಗೆ ಹೋಗುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದು ನೋವಿನಿಂದ ಬಂದದ್ದು. ನೋವು ಹೋದರೆ ಅದೂ ಹೋಗುತ್ತದೆ. ಹಾಗಿರುವಾಗ ಸೊಂಟವನ್ನು ಬಿಟ್ಟು ಮನಸ್ಸಿಗೆ ಮದ್ದು ಕೊಡುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ತುಂಗೆಯ ಮಗಳು

ಅಕ್ಕಾ, ನಾನು ಶಿವಮೊಗ್ಗದಲ್ಲಿ ಹದಿನೆಂಟು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ನೋವು ಸುಳ್ಳಲ್ಲ. ಯಾವ ಮಾತ್ರೆಯ ಹೆಸರೂ ಅದನ್ನು ಸುಳ್ಳಾಗಿಸುವುದಿಲ್ಲ.

ನಿಮ್ಮ ಮನೆಯವರು ಎಂಆರ್‌ಐ ವರದಿಯನ್ನು ನೋವಿನ ಸಾಕ್ಷಿಯೆಂದು ಹಿಡಿದುಕೊಂಡಿದ್ದಾರೆ, ಬಹುಶಃ ನೀವೂ ಹಾಗೆಯೇ ಮಾಡಿದ್ದೀರಿ. ಆ ಸಾಕ್ಷಿ ಅಷ್ಟು ಗಟ್ಟಿಯಾದುದಲ್ಲ. ಬೆನ್ನುನೋವೇ ಇಲ್ಲದವರ ಬೆನ್ನುಮೂಳೆಯ ಚಿತ್ರಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, 20ರ ವಯಸ್ಸಿನವರಲ್ಲಿ ನೂರಕ್ಕೆ 30 ಮಂದಿಗೂ 50ರ ವಯಸ್ಸಿನವರಲ್ಲಿ ನೂರಕ್ಕೆ 60 ಮಂದಿಗೂ ಡಿಸ್ಕ್ ಉಬ್ಬಿರುತ್ತದೆ, ಮತ್ತು ಅವರಿಗೆ ಯಾವ ನೋವೂ ಇರುವುದಿಲ್ಲ. ತಲೆಗೂದಲು ನರೆಯುವಂತೆ ಡಿಸ್ಕ್ ಕೂಡ ಸವೆಯುತ್ತದೆ. "ಡಿಸ್ಕ್ ಜಾರಿದೆ" ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಜನ ಬಗ್ಗುವುದಕ್ಕೆ ಹೆದರುತ್ತಾರೆ, ಯಾವುದೋ ಬಿಲ್ಲೆ ತನ್ನ ಜಾಗ ಬಿಟ್ಟು ಹೊರಬಂದಿದೆ ಎಂದೇ ಕಲ್ಪಿಸಿಕೊಳ್ಳುತ್ತಾರೆ. ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಕೆಲಸ ಈ ಒಂದು ಹೆದರಿಕೆಯನ್ನು ಕಳೆಯುವುದೇ ಆಗಿರುತ್ತದೆ.

ಹಾಗಾದರೆ ನೋವು ಎಲ್ಲಿಂದ ಬರುತ್ತಿದೆ? ಮೊದಲ ಕೆಲವು ವಾರ ಅದು ಸೊಂಟದ ಸ್ನಾಯು, ಕೀಲು ಅಥವಾ ಡಿಸ್ಕಿನ ಪೆಟ್ಟಿನಿಂದಲೇ ಬಂದಿರಬಹುದು. ಮೂರು ತಿಂಗಳು ದಾಟಿದ ಮೇಲೆ ವೈದ್ಯಶಾಸ್ತ್ರ ಅದನ್ನು ದೀರ್ಘಕಾಲದ ನೋವು ಎಂದು ಬೇರೆಯಾಗಿಯೇ ಪರಿಗಣಿಸುತ್ತದೆ. ಆ ಹಂತದಲ್ಲಿ ಅನೇಕರಲ್ಲಿ ಪೆಟ್ಟು ಮಾಗಿರುತ್ತದೆ, ಆದರೆ ಬೆನ್ನುಹುರಿ ಮತ್ತು ಮೆದುಳಿನ ನರಜಾಲ ಎಚ್ಚರಿಕೆಯ ಸದ್ದನ್ನು ನಿಲ್ಲಿಸುವುದಿಲ್ಲ, ಮೊದಲು ನೋವೆನ್ನಿಸದ ಸಣ್ಣ ಚಲನೆಯೂ ನೋವಾಗಿ ಕೇಳತೊಡಗುತ್ತದೆ. ಇದು ದೇಹದಲ್ಲಿಯೇ ನಡೆಯುವ ಬದಲಾವಣೆ, ನಿಮ್ಮ ಕಲ್ಪನೆಯಲ್ಲ. ನಿದ್ದೆಗೆಟ್ಟರೆ, ಭಯವಿದ್ದರೆ, ಮನಸ್ಸು ಕುಗ್ಗಿದರೆ ಆ ಸದ್ದು ಇನ್ನೂ ಏರುತ್ತದೆ.

ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಇಲ್ಲಿಯೇ ಬರೆಯಬೇಕೆಂದಿಲ್ಲ. ಈ ನಾಲ್ಕು ವರ್ಷಗಳಲ್ಲಿ ನೀವು ಏನೇನು ಮಾಡುವುದನ್ನು ಬಿಟ್ಟಿದ್ದೀರಿ? ಅವುಗಳಲ್ಲಿ ಸೊಂಟ ಬಿಡಿಸಿದ್ದು ಯಾವುದು, ಸೊಂಟಕ್ಕೆ ಸಂಬಂಧವೇ ಇಲ್ಲದೆ ಬಿಟ್ಟುಹೋದದ್ದು ಯಾವುದು?

ರಾತ್ರಿಪಾಳಿ

ತಂಗಿ, ನಿನ್ನ ಬರಹ ಓದಿ ಎರಡು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಹಾಸನ ಜಿಲ್ಲೆಯವನು, ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಸೀಟಿನ ಕೆಳಗಿನಿಂದ ಬರುವ ನಡುಕ ದಿನಕ್ಕೆ ಎಂಟು ಹತ್ತು ಗಂಟೆ ಸೊಂಟಕ್ಕೆ ಬಡಿಯುವ ಕೆಲಸ ಅದು. ನನ್ನ ಜೊತೆಯವರಲ್ಲಿ ಸೊಂಟನೋವಿಲ್ಲದವರನ್ನು ಹುಡುಕಬೇಕು.

ನನಗೆ ನೋವು ತೀವ್ರವಾದದ್ದು ಆರು ವರ್ಷದ ಹಿಂದೆ. ನೋವಿಗಿಂತ ಹೆಚ್ಚು ನನ್ನನ್ನು ತಿಂದದ್ದು ನಿದ್ದೆಯಿಲ್ಲದ ರಾತ್ರಿಗಳು. ಮಗ್ಗುಲು ಬದಲಿಸಿದರೆ ಚಳುಕು, ಬದಲಿಸದಿದ್ದರೆ ಸೆಳೆತ. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ, ಆ ಹೊತ್ತಿನಲ್ಲಿ ಬರುವ ಯೋಚನೆಗಳು ಹಗಲಿನ ಯೋಚನೆಗಳಂತೆ ಇರುತ್ತಿರಲಿಲ್ಲ. ಲಘು ಕೆಲಸಕ್ಕೆ ಹಾಕಿಸಿಕೊಂಡೆ. ಸ್ಟೇರಿಂಗ್ ಹಿಡಿಯದ ಚಾಲಕ ಡಿಪೋದಲ್ಲಿ ಯಾರಿಗೂ ಬೇಕಾದವನಲ್ಲ ಎಂಬ ಭಾವನೆ ನನ್ನೊಳಗೇ ಹುಟ್ಟಿತು. ನಾನಿಲ್ಲದಿದ್ದರೆ ಮನೆಯವರಿಗೆ ಭಾರ ಇಳಿಯುತ್ತದೆ ಎಂಬಲ್ಲಿಗೆ ಅದು ಬಂದು ನಿಂತಿತು. ಒಂದು ರಾತ್ರಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿದೆ. ಆ ಕಡೆಯವರು ಕನ್ನಡದಲ್ಲಿಯೇ ಮಾತನಾಡಿದರು, ಉಪದೇಶ ಮಾಡಲಿಲ್ಲ, ಬೆಳಗಾದ ಮೇಲೆ ಎಲ್ಲಿಗೆ ಹೋಗಬೇಕೆಂದು ಹೇಳಿದರು. ಆ ಕರೆ ಮಾಡಿದ್ದನ್ನು ನಾನು ಇಂದಿಗೂ ನಾಚಿಕೆಯ ವಿಷಯವೆಂದು ತಿಳಿದಿಲ್ಲ, ಬೇರೆ ಯಾರೂ ತಿಳಿಯಬಾರದು.

ಮನೋವೈದ್ಯರ ಮುಂದೆ ನಾನೂ ನಿನ್ನ ಹಾಗೆಯೇ ವಾದ ಮಾಡಿದೆ: "ಸಾರ್, ನೋವು ಬಂದದ್ದರಿಂದ ಮನಸ್ಸು ಕೆಟ್ಟಿದೆ, ನೋವು ತೆಗೆಯಿರಿ." ಅವರು ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರು ನಗುವುದನ್ನು ನಿಲ್ಲಿಸಿದ್ದು ಸೊಂಟ ಹಿಡಿಯುವುದಕ್ಕೂ ಮೊದಲು, ಮಾವನವರು ತೀರಿಕೊಂಡ ವರ್ಷ" ಎಂದಳು. ಅದು ನನಗೇ ಗೊತ್ತಿರಲಿಲ್ಲ. ಎಂದರೆ ನನ್ನ ಪಾಲಿಗೆ ಮನಸ್ಸಿನ ಕಾಯಿಲೆ ಮೊದಲು ಬಂದು ನೋವು ಅದರ ಮೇಲೆ ಕೂತಿತ್ತು. ನಿನ್ನ ವಿಷಯದಲ್ಲಿ ಅದು ತಿರುಗುಮುರುಗಾಗಿರಬಹುದು.

ಅವರು ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ರಾತ್ರಿ ಹೊತ್ತು ಕೊಟ್ಟರು. ಬೆಳಗಿನ ಮಂಪರು ಹೋಗುವವರೆಗೆ ವಾಹನ ಓಡಿಸಬಾರದೆಂದು ಖಡಾಖಂಡಿತವಾಗಿ ಹೇಳಿದರು. ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ, ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ನಡಿಗೆ. ಜೊತೆಯವರಿಗೆ ಒಂದು ವರ್ಷ "ನರದ ಮಾತ್ರೆ" ಎಂದೇ ಹೇಳಿಕೊಂಡು ಬಂದೆ, ಅದು ಈಗ ಬೇಸರ ತರಿಸುತ್ತದೆ, ಏಕೆಂದರೆ ಅವರಲ್ಲಿಯೂ ಇಬ್ಬರಿಗೆ ಅದೇ ಅಗತ್ಯವಿತ್ತು. ನೋವು ಪೂರ್ತಿ ಹೋಗಿಲ್ಲ. ಹತ್ತರಲ್ಲಿ ಎಂಟಿದ್ದದ್ದು ನಾಲ್ಕಾಗಿದೆ. ರಾತ್ರಿ ನಿದ್ದೆ ಬರುತ್ತದೆ.

ಬಯಲುಸೀಮೆಯವ

ಮೇಲಿನವರ ಮಾತುಗಳನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ದಾಖಲಿಸಬೇಕಾಗಿದೆ. ನನ್ನ ತಮ್ಮನಿಗೆ 24ನೆಯ ವಯಸ್ಸಿನಲ್ಲಿ ಸೊಂಟನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಒಬ್ಬರಾದ ಮೇಲೊಬ್ಬರು ವೈದ್ಯರು ಒತ್ತಡ, ಮೊಬೈಲು, ಮದುವೆಯ ಚಿಂತೆ ಎಂದು ಹೇಳಿ ಕಳುಹಿಸಿದರು. ಆರು ವರ್ಷ ಕಳೆದ ಮೇಲೆ ಕೀಲುವಾತದ ತಜ್ಞರೊಬ್ಬರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿಯುವ ಕಾಯಿಲೆ) ಎಂದು ಗುರುತಿಸಿದರು. ಅಷ್ಟರಲ್ಲಿ ಅವನ ಬೆನ್ನು ಬಿಗಿದಿತ್ತು, ಮತ್ತು ಆ ಆರು ವರ್ಷಗಳಲ್ಲಿ ಅವನು ನಿಜವಾಗಿಯೂ ಖಿನ್ನನಾಗಿದ್ದ. ತನ್ನನ್ನು ಯಾರೂ ನಂಬುತ್ತಿಲ್ಲ ಎಂಬುದೇ ಅವನ ಖಿನ್ನತೆಯ ಅರ್ಧ ಭಾಗವಾಗಿತ್ತು.

ಆದ್ದರಿಂದ ಮನಸ್ಸಿನ ಮಾತನ್ನು ಎತ್ತುವ ಮುನ್ನ ದೇಹವನ್ನು ಸರಿಯಾಗಿ ನೋಡಿದ್ದಾರೆಯೇ ಎಂದು ಕೇಳಿಕೊಳ್ಳಿ. ಬೆಳಿಗ್ಗೆ ಏಳುವಾಗ ಅರ್ಧ ಗಂಟೆಗೂ ಹೆಚ್ಚು ಬಿಗಿತ, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವ ನೋವು, ರಾತ್ರಿಯ ಎರಡನೆಯ ಭಾಗದಲ್ಲಿ ಎಬ್ಬಿಸುವ ನೋವು, ಇವು ಅವನಲ್ಲಿ ಮೊದಲ ದಿನದಿಂದಲೂ ಇದ್ದವು. ಯಾರೂ ಕೇಳಲಿಲ್ಲ.

ಮಂಗಳವಾರದ ವೈದ್ಯ

ನಾನು ಮನೋವೈದ್ಯ. ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮಾನಸಿಕ ಆರೋಗ್ಯದ ಹೊರರೋಗಿ ವಿಭಾಗ ನಡೆಯುತ್ತದೆ, ಅಂತಹ ಒಂದು ವಿಭಾಗದಲ್ಲಿ ಕುಳಿತುಕೊಳ್ಳುವವನು. ಇಲ್ಲಿ ಬರೆಯುವುದು ಸಾಮಾನ್ಯ ತಿಳಿವಳಿಕೆಗಾಗಿಯೇ ಹೊರತು ಯಾರಿಗೂ ಚಿಕಿತ್ಸೆಯಲ್ಲ.

ಬಯಲುಸೀಮೆಯವರ ಆಕ್ಷೇಪ ಸಂಪೂರ್ಣವಾಗಿ ಸರಿ, ಅದನ್ನೇ ಮೊದಲು ಮುಗಿಸುತ್ತೇನೆ. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇದ್ದರೂ ತಡಮಾಡಬಾರದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಖಿನ್ನತೆ ಇದೆಯೆಂಬ ಕಾರಣಕ್ಕೆ ಇವನ್ನು ಹುಡುಕದಿರುವುದು ತಪ್ಪು. ಇವು ಇಲ್ಲವೆಂಬ ಕಾರಣಕ್ಕೆ ನೋವಿಲ್ಲ ಎನ್ನುವುದೂ ಅಷ್ಟೇ ತಪ್ಪು.

ಇನ್ನು ಮಾತ್ರೆಯ ವಿಷಯ. ಮೆದುಳಿನ ಬುಡದಿಂದ ಬೆನ್ನುಹುರಿಗೆ ಇಳಿದು ಬರುವ ನರತಂತುಗಳಿವೆ. ಕೆಳಗಿನಿಂದ ಮೇಲೇರುವ ನೋವಿನ ಸಂದೇಶವನ್ನು ತಗ್ಗಿಸುವುದು ಅವುಗಳ ಕೆಲಸ. ಈ ತಡೆಯ ಕೆಲಸಕ್ಕೆ ಅವು ಮುಖ್ಯವಾಗಿ ಬಳಸುವ ರಾಸಾಯನಿಕಗಳು ಸೆರೊಟೋನಿನ್ ಮತ್ತು ನಾರ್‌ಎಪಿನೆಫ್ರಿನ್. ಮನಸ್ಸಿನ ಸ್ಥಿತಿ, ನಿದ್ದೆ, ಉತ್ಸಾಹಗಳನ್ನು ಹಿಡಿದಿಡುವ ಕೆಲಸದಲ್ಲಿಯೂ ಇವೇ ಇವೆ. ಡುಲಾಕ್ಸೆಟಿನ್ ಈ ಎರಡರ ಪ್ರಮಾಣವನ್ನೂ ನರಗಳ ನಡುವೆ ಹೆಚ್ಚಿಸುತ್ತದೆ. ಮೊದಲು ಖಿನ್ನತೆಗೆ ಬಂದ ಔಷಧವಾದ್ದರಿಂದ ಅದಕ್ಕೆ ಖಿನ್ನತೆಯ ಮಾತ್ರೆ ಎಂಬ ಹೆಸರು ಉಳಿದುಕೊಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅದನ್ನು ಸ್ನಾಯು ಮತ್ತು ಮೂಳೆಗಳ ದೀರ್ಘಕಾಲದ ನೋವಿಗೂ ಅನುಮೋದಿಸಿದೆ, ಸೊಂಟನೋವು ಅದರಲ್ಲಿ ಸೇರಿದೆ. ಹಾಗೆಯೇ ರಾತ್ರಿಪಾಳಿಯವರು ಹೇಳಿದ ಅಮಿಟ್ರಿಪ್ಟಿಲಿನ್ ಅನ್ನು ನೋವಿಗಾಗಿ ಸಾಮಾನ್ಯವಾಗಿ 10 ಅಥವಾ 25 ಮಿಲಿಗ್ರಾಂನಿಂದ ಆರಂಭಿಸುತ್ತೇವೆ, ಖಿನ್ನತೆಗೆ ಬೇಕಾಗುವ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು. ಒಂದೇ ಮಾತ್ರೆ ಎರಡು ಕೆಲಸಕ್ಕೆ ಬರುತ್ತದೆ.

ಆದರೆ ಇದನ್ನು ಸರ್ವರೋಗ ನಿವಾರಕ ಎಂಬಂತೆ ಹೇಳಿದರೆ ನಾನು ತಪ್ಪು ಮಾಡಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯು ಈ ಗುಂಪಿನ ಔಷಧಗಳನ್ನು ಸೊಂಟನೋವಿರುವ ಎಲ್ಲರಿಗೂ ರೂಢಿಯಂತೆ ಕೊಡಬಾರದೆಂದು ಹೇಳುತ್ತದೆ. ಅದೇ ಮಾರ್ಗಸೂಚಿ ಸೊಂಟಪಟ್ಟಿ, ಎಳೆಯುವ ಚಿಕಿತ್ಸೆ, ಅಫೀಮಿನ ಗುಂಪಿನ ನೋವು ನಿವಾರಕಗಳನ್ನೂ ಬೇಡವೆನ್ನುತ್ತದೆ, ವ್ಯಾಯಾಮ, ರೋಗದ ಬಗ್ಗೆ ತಿಳಿವಳಿಕೆ ಮತ್ತು ಮನಶ್ಶಾಸ್ತ್ರೀಯ ಚಿಕಿತ್ಸೆಗಳನ್ನು ಮುಂದಿಡುತ್ತದೆ. ನನ್ನ ಅಭಿಪ್ರಾಯದಲ್ಲಿ, ಸೊಂಟನೋವು ಮಾತ್ರ ಇರುವವರಿಗೆ ಈ ಮಾತ್ರೆಯ ಲಾಭ ಸಣ್ಣದು. ಸೊಂಟನೋವಿನ ಜೊತೆಗೆ ಖಿನ್ನತೆಯೂ ಇರುವವರಿಗೆ ಅದೇ ಮಾತ್ರೆ ಹೆಚ್ಚು ಅರ್ಥಪೂರ್ಣವಾದ ಆಯ್ಕೆ. ಹಾಗಾಗಿ ಖಿನ್ನತೆ ಇದೆಯೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾಗದು, ಅದನ್ನು ಕೇಳುವುದರಲ್ಲಿ ಅವಮಾನವೂ ಇಲ್ಲ. ದೀರ್ಘಕಾಲದ ನೋವಿರುವ ವಯಸ್ಕರನ್ನು ಕುರಿತು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಅವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಯ ಲಕ್ಷಣಗಳಿರುತ್ತವೆ.

ಇದನ್ನು ಪತ್ತೆಹಚ್ಚುವುದರಲ್ಲಿ ಒಂದು ತೊಡಕಿದೆ. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ಸುಸ್ತು, ಹಸಿವುಗಳ ಪ್ರಶ್ನೆಗಳಿವೆ. ಕೇವಲ ನೋವಿದ್ದವರೂ ಇವಕ್ಕೆ ಹೌದೆನ್ನುತ್ತಾರೆ. ಆದ್ದರಿಂದ ನಾನು ಉಳಿದ ಪ್ರಶ್ನೆಗಳ ಕಡೆ ಹೆಚ್ಚು ಗಮನ ಕೊಡುತ್ತೇನೆ: ಹಿಂದೆ ಇಷ್ಟವಾಗುತ್ತಿದ್ದ ವಿಷಯ ಈಗಲೂ ಇಷ್ಟವಾಗುತ್ತದೆಯೇ, ತಾನು ಯಾವುದಕ್ಕೂ ಬಾರದವಳೆನ್ನಿಸುತ್ತದೆಯೇ, ಬದುಕಿರುವುದೇ ಬೇಡವೆನ್ನಿಸುತ್ತದೆಯೇ. ನಮ್ಮ ಜನ ಖಿನ್ನತೆ ಎಂಬ ಪದವನ್ನು ಹಿಡಿದು ಒಳಗೆ ಬರುವುದಿಲ್ಲ. ಮೈಕೈ ನೋವು, ಸುಸ್ತು, ತಲೆಭಾರ ಎಂದೇ ಬರುತ್ತಾರೆ. ಕನ್ನಡದಲ್ಲಿ ನೋವು ಎಂಬ ಪದ ಸೊಂಟಕ್ಕೂ ಸಲ್ಲುತ್ತದೆ, ಮಾತಿನಿಂದ ನೊಂದ ಮನಸ್ಸಿಗೂ ಸಲ್ಲುತ್ತದೆ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟ, 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯದ ಅನುಭವ ಮತ್ತು ಭಾವನೆಯ ಅನುಭವ ಎರಡೂ ಹೌದೆಂದೇ ಹೇಳುತ್ತದೆ.

ಶಾಲ್ಮಲಾತೀರ ಅವರೇ, ನೀವು 30 ಮಿಲಿಗ್ರಾಂ ಅನ್ನು ಹನ್ನೊಂದು ದಿನ ಮಾತ್ರ ತೆಗೆದುಕೊಂಡಿದ್ದೀರಿ. ಅಷ್ಟರಲ್ಲಿ ಗುಣವನ್ನಾಗಲಿ ಗುಣವಿಲ್ಲವೆಂಬುದನ್ನಾಗಲಿ ಹೇಳಲು ಬರುವುದಿಲ್ಲ, ಸಾಮಾನ್ಯವಾಗಿ ಹಲವು ವಾರ ಬೇಕು. ಹೆಚ್ಚು ಕಾಲ ತೆಗೆದುಕೊಂಡವರು ಇದನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಮೈಯಲ್ಲಿ ಕರೆಂಟು ಹೊಡೆದಂತಹ ಅನುಭವ ಆಗಬಹುದು. ಮತ್ತೆ ಆರಂಭಿಸುವ ಯೋಚನೆಯಿದ್ದರೆ ಬರೆದುಕೊಟ್ಟ ವೈದ್ಯರನ್ನು ಕಂಡು, ಸೊಂಟನೋವಿಗೆ ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರೆಂದು ತೋರಿಸಿಯೇ ಆರಂಭಿಸಿ. ಮುಖ್ಯವಾಗಿ ಟ್ರಮಡಾಲ್ ಎಂಬ ನೋವು ನಿವಾರಕ ಇದ್ದರೆ ಹೇಳಲೇಬೇಕು, ಎರಡೂ ಸೇರಿದರೆ ಅಪಾಯವಾಗುವ ಸಾಧ್ಯತೆಯಿದೆ. ಯಕೃತ್ತಿನ ತೊಂದರೆ, ರಕ್ತದೊತ್ತಡ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೂ ಹೇಳಿ. ಆ ವೈದ್ಯರು ಮಾತ್ರೆ ಏಕೆಂದು ವಿವರಿಸಬೇಕಾಗಿತ್ತು. ನಮ್ಮ ವೃತ್ತಿಯ ಕಡೆಯಿಂದ ಆದ ಲೋಪವದು. ನಿಮ್ಮ ಮನೆಯಲ್ಲಿ ಆ ಮಾತು ಹುಟ್ಟಿದ್ದು ಆ ಎರಡು ನಿಮಿಷದ ಕೊರತೆಯಿಂದ.

ಶಾಲ್ಮಲಾತೀರ

ಎಲ್ಲರ ಉತ್ತರಗಳನ್ನೂ ಓದಿದೆ. ರಾತ್ರಿಪಾಳಿ ಅಣ್ಣನ ಬರಹವನ್ನು ನನ್ನ ಮನೆಯವರಿಗೂ ಓದಿ ಹೇಳಿದೆ. ಬೆಳಗಿನ ಬಿಗಿತ ನನಗಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. ಟ್ರಮಡಾಲ್ ಇರುವ ಮಾತ್ರೆ ಮನೆಯಲ್ಲಿತ್ತು. ಅದನ್ನು ನಾನು ಯಾವ ವೈದ್ಯರಿಗೂ ಹೇಳಿರಲಿಲ್ಲ.

ತುಂಗೆಯ ಮಗಳು ಕೇಳಿದ ಪ್ರಶ್ನೆಗೆ ಇಲ್ಲಿಯೇ ಉತ್ತರಿಸುತ್ತೇನೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಡೇರೆ ಹೂವಿನ (ಡೇಲಿಯಾ) ಗಡ್ಡೆಗಳನ್ನು ನೆಡುತ್ತೇವೆ. ನನ್ನಲ್ಲಿ ಸುಮಾರು ನಲವತ್ತು ಬಣ್ಣಗಳಿದ್ದವು, ಗಡ್ಡೆಗಾಗಿ ದೂರದ ಊರುಗಳ ನೆಂಟರ ಮನೆಗೂ ಹೋಗುತ್ತಿದ್ದೆ. ಎರಡು ವರ್ಷದಿಂದ ನೆಟ್ಟಿಲ್ಲ. ಬಗ್ಗಲಾಗದು, ಅದಕ್ಕೆ ನೆಟ್ಟಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ನಾನೂ ಅದನ್ನೇ ನಂಬಿದ್ದೆ. ಆದರೆ ಈ ವರ್ಷ ಮಗಳು ಬೆಂಗಳೂರಿನಿಂದ ಬಂದಾಗ, "ಅಮ್ಮಾ, ನೀನು ಕುರ್ಚಿಯಲ್ಲಿ ಕೂತು ಜಾಗ ತೋರಿಸು, ನಾನು ನೆಡುತ್ತೇನೆ" ಎಂದಳು. ಬೇಡವೆಂದೆ. ಗಡ್ಡೆಗಳು ಅಟ್ಟದ ಮೇಲೆಯೇ ಒಣಗಿದವು. ಅವು ಹಾಳಾದುವೆಂದು ತಿಳಿದಾಗಲೂ ನನಗೆ ಏನೂ ಅನ್ನಿಸಲಿಲ್ಲ. ಅದಕ್ಕೆ ಸೊಂಟ ಕಾರಣವಲ್ಲವೆಂದು ಮೊನ್ನೆ ರಾತ್ರಿ ನನಗೆ ತಿಳಿಯಿತು.

ಈಗ ಉಳಿದಿರುವ ಸಂದೇಹ ಒಂದೇ. ಎರಡರಲ್ಲಿ ಮೊದಲು ಯಾವುದಕ್ಕೆ ಚಿಕಿತ್ಸೆ ಮಾಡಿಸಬೇಕು?

ಮಂಗಳವಾರದ ವೈದ್ಯ

ಎರಡಕ್ಕೂ ಒಟ್ಟಿಗೇ. ಯಾವುದು ಮೊದಲು ಬಂತೆಂಬುದು ತಿಳಿಯುವುದು ಒಳ್ಳೆಯದು, ಆದರೆ ಅದನ್ನು ತೀರ್ಮಾನಿಸುವವರೆಗೆ ಚಿಕಿತ್ಸೆ ಕಾಯಬೇಕಾಗಿಲ್ಲ. ಸೊಂಟಕ್ಕೆ ಮಾತ್ರ ಚಿಕಿತ್ಸೆ ಮಾಡಿದರೆ, ವ್ಯಾಯಾಮ ಮಾಡಬೇಕೆಂಬ ಮನಸ್ಸೇ ಇಲ್ಲದವರು ಮೂರನೆಯ ದಿನ ಅದನ್ನು ಬಿಡುತ್ತಾರೆ. ಮನಸ್ಸಿಗೆ ಮಾತ್ರ ಚಿಕಿತ್ಸೆ ಮಾಡಿದರೆ, ಕಾಡುವ ನೋವು ಖಿನ್ನತೆಯನ್ನು ಮತ್ತೆ ಎಳೆದು ತರುತ್ತದೆ. ನೀವು ಡೇರೆಯ ಬಗ್ಗೆ ಬರೆದದ್ದನ್ನು ಹಾಗೆಯೇ ವೈದ್ಯರಿಗೂ ಹೇಳಿ. ಒಂಬತ್ತು ಪ್ರಶ್ನೆಗಳಿಗಿಂತ ಹೆಚ್ಚಿನದನ್ನು ಅದು ಅವರಿಗೆ ತಿಳಿಸುತ್ತದೆ. ನಿಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಕರಾವಳಿಯ ಓದುಗಿ

ನಾನು ರೋಗಿಯಲ್ಲ, ರೋಗಿಯ ಮಗಳು. ಅಮ್ಮನ ಸೊಂಟನೋವಿಗೆ ಹತ್ತು ವರ್ಷ "ಎದ್ದು ಓಡಾಡಿದರೆ ಸರಿಯಾಗುತ್ತದೆ" ಎಂದು ಹೇಳುತ್ತಾ ಬಂದೆ. ವೈದ್ಯಕೀಯವಾಗಿ ಅದು ಸರಿಯಾದ ಮಾತೇ ಇರಬಹುದು, ಆದರೆ ನಾನು ಹೇಳಿದ ರೀತಿಯಲ್ಲಿ ಅದು ನೀನು ಸೋಮಾರಿ ಎಂದಷ್ಟೇ ಅವಳಿಗೆ ಕೇಳಿಸಿತು. ನಾನೇ ಅವಳ ಜೊತೆ ಸಂಜೆ ಹೊರಟ ಮೇಲೆ ಅವಳು ನಡೆಯಲು ಆರಂಭಿಸಿದಳು. ಶಾಲ್ಮಲಾತೀರ ಅವರ ಮನೆಯವರು ಇದನ್ನು ಓದುತ್ತಿದ್ದರೆ, ಮುಂದಿನ ಭೇಟಿಗೆ ಅವರೊಬ್ಬರನ್ನೇ ಕಳುಹಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೆಲ್ಬರ್ನ್ ಕನ್ನಡಿಗ

ನಡಿಗೆಯ ಮಾತು ಬಂದದ್ದರಿಂದ ಒಂದು ಮಾಹಿತಿ ಸೇರಿಸುತ್ತೇನೆ. ಸೊಂಟನೋವು ಒಮ್ಮೆ ವಾಸಿಯಾದ 701 ವಯಸ್ಕರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮರುಕಳಿಸಲು 208 ದಿನ ಹಿಡಿದರೆ, ಏನೂ ಮಾಡದವರಲ್ಲಿ 112 ದಿನದಲ್ಲಿಯೇ ಅದು ಮರಳಿತು. ನನಗೂ ಇಲ್ಲಿನ ವೈದ್ಯರು ಮೊದಲು ಬರೆದುಕೊಟ್ಟದ್ದು ಮಾತ್ರೆಯಲ್ಲ, ನಡಿಗೆಯ ವೇಳಾಪಟ್ಟಿ. ಯೋಗದಿಂದಲೂ ಪ್ರಯೋಜನವಿದೆಯೇ ಎಂದು ಫಿಸಿಯೋ ಅವರು ಹೇಳಬಹುದೇ?

ತುಂಗೆಯ ಮಗಳು

ಇದೆ. ಅಮೆರಿಕದ ವೈದ್ಯರ ಸಂಘದ 2017ರ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಸೂಚಿಸುವ ಉಪಾಯಗಳಲ್ಲಿ ಯೋಗವೂ ಒಂದು. ಆದರೆ ಯಾವ ಆಸನ ಎಂಬುದಕ್ಕಿಂತ ಬಿಡದೆ ಮಾಡುವುದು ಮುಖ್ಯ. ಕಲಿಸುವವರಿಗೆ ನಿಮ್ಮ ನೋವು ತಿಳಿದಿರಬೇಕು.

ನಾನು ಒತ್ತಿ ಹೇಳುವ ವಿಷಯ ಬೇರೆ. ನೋವು ಕಡಿಮೆಯಿದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮುಗಿಸಿ, ಮರುದಿನದಿಂದ ಮೂರು ದಿನ ಮಲಗುವುದು ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ. ಆ ಮೂರು ದಿನ "ನನ್ನಿಂದ ಏನೂ ಆಗದು" ಎಂಬ ಭಾವನೆ ಗಟ್ಟಿಯಾಗುತ್ತದೆ. ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯ ಕೆಲಸ ಮಾಡಿ, ಆ ಅಳತೆಯನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ.

ಶಾಲ್ಮಲಾತೀರ

ಐದು ವಾರದ ನಂತರ ಬರೆಯುತ್ತಿದ್ದೇನೆ. ಅದೇ ವೈದ್ಯರ ಬಳಿಗೆ ಮನೆಯವರೊಂದಿಗೆ ಹೋದೆ. ಮಾತ್ರೆ ಏಕೆ ಕೊಟ್ಟಿರೆಂದು ನಾನೇ ಕೇಳಿದೆ. ಅವರು ಕಾಗದದ ಮೇಲೆ ಬೆನ್ನುಹುರಿಯ ಚಿತ್ರ ಬರೆದು ವಿವರಿಸಿದರು, ಮೊದಲ ಸಲ ಹೇಳದಿದ್ದುದು ತಪ್ಪಾಯಿತೆಂದೂ ಹೇಳಿದರು. ಟ್ರಮಡಾಲ್ ಬಿಡಿಸಿ, ನಾಲ್ಕು ವಾರದ ಹಿಂದೆ ಡುಲಾಕ್ಸೆಟಿನ್ ಅನ್ನು ಮತ್ತೆ ಆರಂಭಿಸಿದರು, ಈಗ 60 ಮಿಲಿಗ್ರಾಂಗೆ ಏರಿಸಿದ್ದಾರೆ. ಮೊದಲ ವಾರ ವಾಕರಿಕೆಯಿತ್ತು, ಊಟದ ಮೇಲೆ ತೆಗೆದುಕೊಂಡ ಮೇಲೆ ಕಡಿಮೆಯಾಯಿತು. ಹದಿನೈದು ದಿನಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರ ಜೊತೆ ಮಾತುಕತೆಯಿದೆ. ತೋಟದ ದಾರಿಯಲ್ಲಿ ದಿನಕ್ಕೆ ಹನ್ನೆರಡು ನಿಮಿಷ ನಡೆಯುತ್ತೇನೆ, ಓರಗಿತ್ತಿ ಜೊತೆಗೆ ಬರುತ್ತಾಳೆ.

ನೋವು ಸ್ವಲ್ಪ ತಗ್ಗಿದೆ, ಬಹಳ ಅಲ್ಲ. ನಿದ್ದೆ ಚೆನ್ನಾಗಿ ಬರುತ್ತಿದೆ. ಮೊನ್ನೆ ಪಕ್ಕದ ಮನೆಯವರು ಬಂದಾಗ ಜಗುಲಿಗೆ ಹೋಗಿ ಕುಳಿತೆ.

ಕೊನೆಕೊಯ್ಲು ಹತ್ತಿರ ಬರುತ್ತಿದೆ. ಈ ಸಲ ಅಡಿಕೆ ಸುಲಿಯಲು ಕೂರಬಹುದೇ, ಕೂತರೆ ಹೇಗೆ ಕೂರಬೇಕು ಎಂದು ತುಂಗೆಯ ಮಗಳು ತಿಳಿಸಬೇಕು. ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಆ ರಾತ್ರಿಗಳಲ್ಲಿ ಎಲ್ಲರೂ ಕೂತು ಮಾತನಾಡುವುದಿರುತ್ತದೆ.

ತುಂಗೆಯ ಮಗಳು

ಕೂರಬಹುದು ಅಕ್ಕಾ. ನೆಲದ ಮೇಲೆ ಬೇಡ. ಮೆಟ್ಟುಗತ್ತಿಯನ್ನು ಅಗಲವಾದ ಬೆಂಚಿನ ಮೇಲೆ ಅಲುಗಾಡದಂತೆ ಬಿಗಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಅಲಗು ಮೊಣಕೈಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಗೊನೆಯ ಬುಟ್ಟಿ ಕಾಲ ಬುಡದಲ್ಲಿರದೆ ಪಕ್ಕದ ಸ್ಟೂಲಿನ ಮೇಲಿರಲಿ. ಮೊದಲ ವಾರ ಇಪ್ಪತ್ತು ನಿಮಿಷ ಸಾಕು, ನೋವಿಲ್ಲದಿದ್ದರೂ ಅಷ್ಟಕ್ಕೇ ಎದ್ದು ಅಂಗಳದಲ್ಲಿ ಎರಡು ಸುತ್ತು ನಡೆದು ಬನ್ನಿ. ಆಮೇಲೆ ಮತ್ತೆ ಕೂರಬೇಕೆನ್ನಿಸಿದರೆ, ಕತ್ತಿ ಹಿಡಿಯದೆ ಮಾತಿಗೆ ಮಾತ್ರ ಕುಳಿತುಕೊಳ್ಳಿ.